ಡೀಸೆಲೋ, ಟರ್ಬೊ ಪೆಟ್ರೋಲೋ? ನಿತ್ಯದ ದಾರಿಯೇ ನಿರ್ಣಾಯಕ

ರಾಮನಗರ: ಡೀಸೆಲ್ ಕಾರು ಕೊಂಡರೆ ಉಳಿತಾಯ ಖಚಿತ ಎಂಬ ಹಳೆಯ ಲೆಕ್ಕಾಚಾರ ಈಗ ಎಲ್ಲರಿಗೂ ಅನ್ವಯಿಸದು. 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ದರವನ್ನು ನಿಯಂತ್ರಣಮುಕ್ತಗೊಳಿಸಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾನದಂಡ ಜಾರಿಯಾದಾಗ ಮಾರುತಿ ಸುಜುಕಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. 2025ರ ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತು.

ಆ ಏರಿಕೆಯ ಬಳಿಕ ಬೆಂಗಳೂರಿನಲ್ಲಿ ಲೀಟರ್ ಪೆಟ್ರೋಲಿಗೆ ಸುಮಾರು 103 ರೂಪಾಯಿ, ಡೀಸೆಲಿಗೆ 91 ರೂಪಾಯಿ ಇತ್ತು. ಸಣ್ಣ ಟರ್ಬೊ ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ., ಡೀಸೆಲ್ ಕಾರು 20 ಕಿ.ಮೀ. ಓಡುತ್ತದೆ ಎಂದಿಟ್ಟುಕೊಂಡರೆ, ಡೀಸೆಲಿನಲ್ಲಿ ಪ್ರತಿ ಕಿ.ಮೀ.ಗೆ ಉಳಿಯುವುದು ಸುಮಾರು 2.30 ರೂಪಾಯಿ. ಡೀಸೆಲ್ ಕಾರಿಗೆ 1.25 ಲಕ್ಷ ರೂಪಾಯಿ ಹೆಚ್ಚು ತೆತ್ತಿದ್ದರೆ, ಆ ಹಣ ಹುಟ್ಟಲು 54 ಸಾವಿರ ಕಿ.ಮೀ. ಓಡಿಸಬೇಕು.

ರಾಮನಗರದಿಂದ ನಿತ್ಯ ಬೆಂಗಳೂರಿಗೆ ಹೋಗಿಬಂದು ದಿನಕ್ಕೆ 100 ಕಿ.ಮೀ. ಕ್ರಮಿಸುವ ಉದ್ಯೋಗಿಗೆ ಇದು ಎರಡು ವರ್ಷದೊಳಗಿನ ಮಾತು. ಚನ್ನಪಟ್ಟಣದವರಿಗೆ ಇನ್ನೂ ಬೇಗ. ಮಾಗಡಿ ಅಥವಾ ಕನಕಪುರ ಪೇಟೆಯೊಳಗೆ ದಿನಕ್ಕೆ 10 ಕಿ.ಮೀ. ಓಡಾಡುವವರಿಗೆ ಸುಮಾರು 15 ವರ್ಷ ಬೇಕು. ಅಷ್ಟರಲ್ಲಿ ಕಾರಿನ ನೋಂದಣಿ ಅವಧಿಯೇ ಮುಗಿದಿರುತ್ತದೆ.

ಪ್ರಶ್ನೆ ಹಣದ್ದಷ್ಟೇ ಅಲ್ಲ. ಬಿಎಸ್-6 ಡೀಸೆಲ್ ಕಾರಿನ ಡಿಪಿಎಫ್ ಎಂಬ ಶೋಧಕದಲ್ಲಿ ಸೇರುವ ಮಸಿ ಸುಟ್ಟುಹೋಗಲು ಆಗಾಗ ಹೆದ್ದಾರಿಯ ಎಡೆಬಿಡದ ಓಟ ಬೇಕು. ಪೇಟೆಯ ಸಣ್ಣಪುಟ್ಟ ಓಡಾಟದಲ್ಲಿ ಅದು ಕಟ್ಟಿಕೊಳ್ಳುತ್ತದೆ, ದುರಸ್ತಿ ದುಬಾರಿ. ಟರ್ಬೊ ಪೆಟ್ರೋಲಿಗೂ ಮಿತಿಯುಂಟು. ನಿಧಾನಗತಿಯಲ್ಲಿ ಅದರ ಎಳೆತ ಕಡಿಮೆ. ಆಕ್ಸಿಲರೇಟರ್ ಜೋರಾಗಿ ತುಳಿದಷ್ಟೂ ಮೈಲೇಜ್ ಕುಸಿಯುತ್ತದೆ.

ಆದ್ದರಿಂದ ಷೋರೂಂ ಬೆಲೆಪಟ್ಟಿಗಿಂತ ಮೊದಲು ಗಮನಿಸಬೇಕಾದುದು ತಿಂಗಳ ಓಟ. ಅದು 1,500 ಕಿ.ಮೀ. ದಾಟದಿದ್ದರೆ ಡೀಸೆಲಿಗೆ ತೆತ್ತ ಹೆಚ್ಚುವರಿ ಹಣ ಮೂರು ವರ್ಷದಲ್ಲೂ ಹಿಂತಿರುಗದು.