ಹೆಸರು ಮರಳಿತು, ಎಂಜಿನ್ ಮರಳಲಿಲ್ಲ

ಪಿಸ್ಟನ್ ಬದಲು ತ್ರಿಕೋನಾಕಾರದ ರೋಟರ್ ತಿರುಗುವ ರೋಟರಿ ಎಂಜಿನ್ 2012ರಲ್ಲಿ ಜಪಾನಿನ ಮಜ್ದಾ ಆರ್‌ಎಕ್ಸ್-8 ಕಾರಿನೊಂದಿಗೆ ನೇಪಥ್ಯಕ್ಕೆ ಸರಿದಿತ್ತು. ಇಂಧನದ ದಾಹ, ಎಣ್ಣೆ ಸುಡುವ ಚಾಳಿ ಅದಕ್ಕೆ ಮುಳುವಾದವು. 2023ರಲ್ಲಿ ಅದೇ ಕಂಪನಿ ಅದನ್ನು ಮರಳಿ ತಂದಿತು. ಚಕ್ರ ತಿರುಗಿಸಲು ಅಲ್ಲ, ವಿದ್ಯುತ್ ಕಾರಿನ ಜನರೇಟರ್ ಆಗಿ.

ಇಂಥದೇ ದೋಷಗಳಿದ್ದ ಟೂ-ಸ್ಟ್ರೋಕ್ ಎಂಜಿನ್ನಿನ ಜಾವಾ, ಯೆಜ್ಡಿ ಬೈಕುಗಳನ್ನು 1961ರಿಂದ ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಮುಚ್ಚಿತು. ಹೊಸ ಬೈಕುಗಳ ಪೈಪೋಟಿಯನ್ನೂ ಅದು ತಾಳಲಿಲ್ಲ. ನಮ್ಮ ಕಳ್ಳಂಬೆಳ್ಳದ ಕಡೆ ಶಿರಾಕ್ಕೆ ಕಡಲೆಕಾಯಿ ಮೂಟೆ ಹೇರಿಕೊಂಡು ಹೋಗಲು ಅದಕ್ಕಿಂತ ಗಟ್ಟಿ ಗಾಡಿ ಇರಲಿಲ್ಲ. ಕಿಕ್ಕರನ್ನೇ ಗೇರ್ ಲಿವರ್ ಆಗಿಸಿದ್ದ ಜಾಣತನವನ್ನು ನಾನು ಇಂದಿಗೂ ಮೆಚ್ಚುತ್ತೇನೆ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮರಳಿದವು. ಎಂಜಿನ್ ಫೋರ್-ಸ್ಟ್ರೋಕ್, ತಯಾರಿಕೆ ಮಧ್ಯಪ್ರದೇಶದ ಪೀಥಂಪುರದಲ್ಲಿ. ಆ ಹೊಗೆ ಮರಳಬೇಕೆಂದು ನಾನು ವಾದಿಸಲಾರೆ. ಆದರೆ ಅಲ್ಲಿ ದೋಷವುಳ್ಳ ಯಂತ್ರಕ್ಕೆ ಹೊಸ ಕೆಲಸ ಹುಡುಕಲಾಯಿತು. ಇಲ್ಲಿ ಉಳಿದದ್ದು ಹೆಸರು, ಟ್ಯಾಂಕಿನ ಆಕಾರ. ಹಳೆಯ ಯೆಜ್ಡಿಯನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳು ಮೈಸೂರಿನಲ್ಲಿ ಇನ್ನೂ ಇದ್ದಾರೆ. ನಮ್ಮ ಐಟಿಐಗಳು ಅವರನ್ನು ಪಾಠ ಹೇಳಲು ಕರೆಯಬಾರದೇಕೆ?