ಕೌದಿಗೆ ಎಂಥ ಹೊಲಿಗೆ ಯಂತ್ರ?

ಮನೆಗೆ ಬರುವ ಯಂತ್ರಗಳಲ್ಲೆಲ್ಲ ಹೊಲಿಗೆ ಯಂತ್ರಕ್ಕೆ ಒಂದು ವಿಶೇಷ ಮರ್ಯಾದೆ ಉಂಟು. ಯಂತ್ರಗಳ ವಿಷಯದಲ್ಲಿ ಅಷ್ಟು ನಿಷ್ಠುರವಾಗಿ ಮಾತನಾಡುತ್ತಿದ್ದ ಗಾಂಧೀಜಿಯವರು ಕೂಡ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ತಮ್ಮ ಆಕ್ಷೇಪಣೆಯಿಂದ ಹೊರಗಿಟ್ಟರು. ಅದು ಮನುಷ್ಯನ ಕೈಯನ್ನು ಕಿತ್ತುಕೊಳ್ಳುವುದಿಲ್ಲ, ಕೈಗೆ ನೆರವಾಗುತ್ತದೆ ಎಂಬುದು ಅವರ ಭಾವನೆ. ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ: ಈ ಯಂತ್ರ ನನ್ನ ಕೈಗೆ ನೆರವಾದೀತೇ, ಇಲ್ಲವೇ ಮೂಲೆಯಲ್ಲಿ ಹೊದಿಕೆ ಹೊದ್ದು ಕೂತೀತೇ?

ಚಾಂಪಿಯನ್ ರೀಫ್ಸ್‌ನಿಂದ ಸೋದರಿಯೊಬ್ಬರು ಬರೆದಿದ್ದಾರೆ. ತಂದೆಯವರು ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಸಂಸಾರ ಕಷ್ಟದಿಂದ ಸಾಗಿತು. ಈಗ ತಾಯಿಯೂ ಇಲ್ಲ. ಅವರು ಬಿಟ್ಟುಹೋದ ಒಂದು ಪೆಟ್ಟಿಗೆ ತುಂಬ ಸೀರೆಗಳಿವೆ. ಅವುಗಳಿಂದ ಒಡಹುಟ್ಟಿದ ಮೂವರಿಗೂ ಒಂದೊಂದು ಕೌದಿ ಹೊಲಿಯಬೇಕು. ಕೈ ಕುದುರಿದರೆ ಮುಂದೆ ಮಾರಾಟಕ್ಕೂ ಹೊಲಿದು ನಾಲ್ಕು ಕಾಸು ಸಂಪಾದಿಸಬೇಕು. ಕೂಡಿಟ್ಟ ಹಣ ಸ್ವಲ್ಪ. ಯಾವ ಯಂತ್ರ ಕೊಳ್ಳಲಿ ಎಂದು ಅವರ ಪ್ರಶ್ನೆ.

ಇಲ್ಲಿ ಎರಡು ಕೆಲಸಗಳು ಬೆರೆತುಹೋಗಿವೆ. ಅವನ್ನು ಬೇರ್ಪಡಿಸುವುದು ಒಳ್ಳೆಯದು. ತಾಯಿಯ ಹಳೆಯ ಸೀರೆಗಳಿಗೆ ಯಂತ್ರವೇ ಬೇಕೆಂದಿಲ್ಲ. ಉಟ್ಟು ಒಗೆದು ನವೆದ ಬಟ್ಟೆಯಲ್ಲಿ ಯಂತ್ರದ ಸೂಜಿ ಒತ್ತೊತ್ತಾಗಿ ತೂತು ಮಾಡುತ್ತದೆ. ಬಟ್ಟೆ ಹೊಲಿಗೆಯ ಗುಂಟ ಹರಿಯುವ ಸಂಭವವುಂಟು. ಧಾರವಾಡ, ಬೆಳಗಾವಿಯ ಕಡೆಯ ಹೆಂಗಸರು ತಲೆಮಾರುಗಳಿಂದ ಕೈಸೂಜಿಯಲ್ಲಿ ಹಾಕುತ್ತ ಬಂದ ಬಿಡಿ ಹೊಲಿಗೆ ಇಂಥ ಬಟ್ಟೆಗೆ ಬಹಳ ಮೃದು. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರ ಕೌದಿಗಳನ್ನು ನೋಡಿ: ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ, ಮೂಲೆಗಳಲ್ಲಿ ಮಡಿಚಿದ ತುಂಡುಗಳ ಹೂವಿಡುತ್ತಾರೆ. ಯಂತ್ರದ ಸಹಾಯವಿಲ್ಲದೆಯೇ ಅವು ದೂರದೂರದ ಜನರ ಮೆಚ್ಚಿಕೆ ಪಡೆದಿವೆ. ಆದುದರಿಂದ ಆ ಮೂರು ಕೌದಿಗಳನ್ನು ಕೈಯಲ್ಲೇ ಹೊಲಿಯಿರಿ. ತುಂಡುಗಳನ್ನು ಜೋಡಿಸುವುದಕ್ಕೆ, ಅಂಚು ಕಟ್ಟುವುದಕ್ಕೆ ಮಾತ್ರ ನೆರೆಮನೆಯ ಯಂತ್ರವಾದರೂ ಸಾಕು.

ಮಾರಾಟದ ಮಾತು ಬೇರೆ. ಅಲ್ಲಿ ಹೊತ್ತೇ ಹಣ. ಯಂತ್ರ ಬೇಕೇ ಬೇಕು. ಅಂಗಡಿಯಾತ ನೂರು ಬಗೆಯ ಹೊಲಿಗೆ ಹಾಕುವ ಯಂತ್ರವನ್ನು ತೋರಿಸಿಯಾನು. ಕೌದಿಗೆ ಬೇಕಾದದ್ದು ಒಂದೇ, ನೇರ ಹೊಲಿಗೆ. ಬೆಲೆ ಕೊಡಬೇಕಾದದ್ದು ಬೇರೆ ನಾಲ್ಕು ಗುಣಗಳಿಗೆ.

ಮೊದಲನೆಯದು, ಸೂಜಿಗೂ ಬಲಗಡೆಯ ಕಂಬಕ್ಕೂ ನಡುವಿನ ಜಾಗ. ಐದಡಿ ಅಗಲದ ಕೌದಿಯ ನಡುಭಾಗ ಹೊಲಿಯುವಾಗ ಅರ್ಧ ಕೌದಿ, ಎಂದರೆ ಎರಡೂವರೆ ಅಡಿ ಬಟ್ಟೆ, ಸುರುಳಿಯಾಗಿ ಈ ಕಿಂಡಿಯೊಳಗೆ ಹಿಡಿಯಬೇಕು. ಮನೆಯ ಸಾಧಾರಣ ಯಂತ್ರಗಳಲ್ಲಿ ಈ ಜಾಗ ಆರೂವರೆ ಅಂಗುಲದ ಆಸುಪಾಸು. ದರ್ಜಿ ಕಾರ್ಖಾನೆಯ ಯಂತ್ರಗಳಲ್ಲಿ ಹತ್ತು ಅಂಗುಲ ದಾಟುತ್ತದೆ. ಅಳತೆಪಟ್ಟಿ ಒಯ್ದು ಅಳೆಯಿರಿ, ಸಂಕೋಚ ಬೇಡ.

ಎರಡನೆಯದು, ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ ಎಷ್ಟು ಮೇಲೇಳುತ್ತದೆ ಎಂಬುದು. ನಾಲ್ಕು ಪದರ ಸುಲಭವಾಗಿ ಒಳಹೋಗದಿದ್ದರೆ ಆ ಯಂತ್ರ ನಿಮಗಲ್ಲ.

ಮೂರನೆಯದು, ಪದರಗಳನ್ನು ಸಮನಾಗಿ ಸಾಗಿಸುವ ಶಕ್ತಿ. ಯಂತ್ರದ ಹಲ್ಲುಗಳು ಕೆಳಪದರವನ್ನು ಮಾತ್ರ ಹಿಡಿದು ದೂಡುತ್ತವೆ. ಮೇಲ್ಪದರ ಹಿಂದುಳಿದು ಸುಕ್ಕಾಗುತ್ತದೆ. ವಾಕಿಂಗ್ ಫುಟ್ ಎಂಬ ಪಾದವನ್ನು ಹಾಕಿದರೆ ಮೇಲಿನ ಪದರವೂ ಜೊತೆಯಲ್ಲಿ ನಡೆಯುತ್ತದೆ. ನೀವು ಕೊಳ್ಳುವ ಯಂತ್ರಕ್ಕೆ ಅದು ಹೊಂದುತ್ತದೆಯೇ, ಅಲ್ಲಿಯೇ ಸಿಗುತ್ತದೆಯೇ ಎಂದು ಕೇಳಿ. ಕೈಯಲ್ಲಿ ಅಂಚಿನಿಂದ ನಡುವಿಗೆ ಹೊಲಿದರೂ ಯಂತ್ರದಲ್ಲಿ ನಡುವಿನಿಂದ ಅಂಚಿಗೆ ಹೊಲಿಯಬೇಕು. ಆಗ ಸುಕ್ಕುಗಳು ಹೊರಕ್ಕೆ ಸರಿದುಹೋಗುತ್ತವೆ.

ನಾಲ್ಕನೆಯದು, ನಡೆಸುವ ಬಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗುವ ಮೊದಲೇ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ನಿಮ್ಮ ಊರಿನ ಗಣಿಗಳಿಗೆ ಬಂದಿತ್ತು. ಹಾಗೆಂದು ಮೋಟಾರೇ ಬೇಕೆಂಬ ಹಟ ಬೇಡ. ಕಾಲಿನಿಂದ ತುಳಿಯುವ ಕಪ್ಪು ಯಂತ್ರ, ಅದು ಉಷಾ ಆಗಲಿ ಸಿಂಗರ್ ಆಗಲಿ, ದಪ್ಪ ಬಟ್ಟೆಯಲ್ಲೂ ಸೂಜಿಯನ್ನು ನಿಧಾನವಾಗಿ, ಬಲವಾಗಿ ಇಳಿಸುತ್ತದೆ. ಕೆಟ್ಟರೆ ಊರಿನಲ್ಲೇ ರಿಪೇರಿ ಸುಲಭ. ಕಾರ್ಖಾನೆಯ ಯಂತ್ರವೇ ಆಗಬೇಕೆಂದರೆ ಅದರ ಮೋಟಾರನ್ನು ಗಮನಿಸಿ. ಕ್ಲಚ್ ಮೋಟಾರು ಹೊಲಿಯದಿರುವಾಗಲೂ ಗುಂಯ್ಗುಡುತ್ತಲೇ ಇರುತ್ತದೆ. ಸರ್ವೋ ಮೋಟಾರು ಕಾಲಿಟ್ಟಾಗ ಮಾತ್ರ ತಿರುಗುತ್ತದೆ, ವೇಗವನ್ನೂ ತಗ್ಗಿಸಿಕೊಳ್ಳಬಹುದು. ಗೋಡೆಗೆ ಗೋಡೆ ತಾಗಿದ ಗಣಿಯ ಲೈನ್ ಮನೆಗಳಲ್ಲಿ, ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಬೇಕಾದ ನೆರೆಯವರು ಮಲಗಿರುವಾಗ, ಇದು ಸಣ್ಣ ವಿಷಯವಲ್ಲ.

ಅಂಗಡಿಗೆ ಬರಿಗೈಯಲ್ಲಿ ಹೋಗಬೇಡಿ. ನಾಲ್ಕು ಪದರ ಸೇರಿಸಿ ಟಾಕು ಹಾಕಿದ ಒಂದಡಿ ಚೌಕದ ತುಂಡನ್ನು ಒಯ್ಯಿರಿ. ಅದರಲ್ಲಿ ಎರಡು ಜೋಡುಹೊಲಿಗೆ ಒಂದನ್ನೊಂದು ದಾಟುವ ಗಂಟೂ ಇರಲಿ. 16ನೆಯ ನಂಬರಿನ ಸೂಜಿ ಹಾಕಿಸಿ, ನೀವೇ ಕುಳಿತು ಆ ಗಂಟಿನ ಮೇಲೆ ಹೊಲಿಯಿರಿ. ಯಂತ್ರ ಮುಗ್ಗರಿಸಿತೇ? ಹೊಲಿಗೆ ತಪ್ಪಿತೇ? ಬಳಿಕ ತುಂಡನ್ನು ತಿರುಗಿಸಿ ನೋಡಿ: ಕೆಳಗಿನ ದಾರ ಕುಣಿಕೆ ಕುಣಿಕೆಯಾಗಿ ನಿಂತಿದ್ದರೆ ದಾರದ ಬಿಗಿ ಸರಿಪಡಿಸಿ ಮತ್ತೆ ಹೊಲಿದು ತೋರಿಸಲು ಹೇಳಿ. ಆಗಲೂ ಸರಿಹೋಗದಿದ್ದರೆ ಎದ್ದು ಬನ್ನಿ.

ಹಣದ ಮಾತು. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸಬುಗಳಲ್ಲಿ ದರ್ಜಿಯ ಕಸಬೂ ಸೇರಿದೆ. ಸಲಕರಣೆಗಾಗಿ 15,000 ರೂಪಾಯಿಯ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲ ಕಂತಿಗೆ 1 ಲಕ್ಷದವರೆಗೆ ಸಾಲ ಎಂಬುದು ಅದರ ಕ್ರಮ. ನಿಮ್ಮ ತಾಲ್ಲೂಕಿನಲ್ಲಿ ದರ್ಜಿಗಳ ಅರ್ಜಿಯನ್ನು ಸ್ವೀಕರಿಸುತ್ತಿರುವರೇ ಎಂದು ವಿಚಾರಿಸಿಕೊಂಡೇ ಕೈಯ ಹಣ ಮುರಿಯಿರಿ. ಆದರೆ ಕೌದಿ ಕೊಳ್ಳುವವರು ಒಬ್ಬರೂ ಗೊತ್ತಾಗುವ ಮುನ್ನ ಯಂತ್ರಕ್ಕಾಗಿ ಸಾಲ ಮಾಡುವುದು ಸರ್ವಥಾ ಕೂಡದು.

ನನ್ನ ಸಲಹೆ ಇಷ್ಟು. ಮೊದಲು ಗಟ್ಟಿಯಾದ, ಕಾಲಿನಿಂದ ತುಳಿಯುವ ಯಂತ್ರವೊಂದನ್ನು ಕೊಳ್ಳಿ. ಸುಸ್ಥಿತಿಯಲ್ಲಿರುವ ಹಳೆಯದಾದರೂ ಅಡ್ಡಿಯಿಲ್ಲ. ಉಳಿದ ಹಣದಲ್ಲಿ ವಾಕಿಂಗ್ ಫುಟ್, ಒಳ್ಳೆಯ ಹತ್ತಿಯ ದಾರ, ಯಂತ್ರದ ಎಡಕ್ಕೂ ಹಿಂದಕ್ಕೂ ಅದರ ಮಟ್ಟಕ್ಕೇ ನಿಲ್ಲುವ ಮೇಜು ಕೊಳ್ಳಿ. ಮೇಜಿಲ್ಲದಿದ್ದರೆ ಕೌದಿಯ ಭಾರ ಜೋತುಬಿದ್ದು ಸೂಜಿಯನ್ನು ಬಾಗಿಸುತ್ತದೆ, ಮುರಿಯುತ್ತದೆ. ಕೌದಿಗೊಂದು ಹೊಸ ಸೂಜಿ, ದಿನದ ಕೆಲಸ ಮುಗಿದ ಮೇಲೆ ಹಲ್ಲುಗಳ ನಡುವಿನ ನೂಲಿನ ಕಸ ತೆಗೆದು ಒಂದೊಂದು ತೊಟ್ಟು ಎಣ್ಣೆ, ಇಷ್ಟನ್ನು ಮರೆಯಬೇಡಿ. ಹತ್ತು ಕೌದಿ ಮಾರಾಟವಾಗಲಿ. ಆಗ ದೊಡ್ಡ ಯಂತ್ರದ ಯೋಚನೆ ಮಾಡಿದರೆ ಅದರ ಬೆಲೆಯನ್ನು ಕೌದಿಗಳೇ ತೆರುತ್ತವೆ.