ಬಿಡುವಿನ ಕೈಕೆಲಸ: ಮಗ್ಗದ ಕಟ್ಟಿಗೆಯಲ್ಲಿ ಅಳಗುಳಿ ಮಣೆ



ಈ ಸಲ ಸೂಜಿ-ದಾರ, ಉಲ್ಲನ್ ಎಲ್ಲ ಬದಿಗಿಡಿ. ಕೈಗೆ ಉಳಿ ತೆಗೆದುಕೊಳ್ಳೋಣ. "ಅಯ್ಯ, ಬಡಿಗೇರ ಕೆಲಸ ನಮಗ್ಯಾಕ್ರೀ?" ಅಂತೀರೇನು? ಹಾಗಾದರೆ ಬನಹಟ್ಟಿಯ ಸೋದರಿಯೊಬ್ಬರು ಬರೆದದ್ದನ್ನು ಮೊದಲು ಕೇಳಿ:

"ಕುಣಿಮಗ್ಗ ಬಿಚ್ಚಿ ಹಿತ್ತಲದಾಗ ಒಟ್ಟೇವ್ರಿ. ನಮ್ಮ ಮನಿಯವರು ಬಚ್ಚಲ ಒಲಿಗೆ ಹಾಕೂಣು ಅಂತಾರ. ಇಪ್ಪತ್ತೈದು ವರ್ಷ ಆ ಮಗ್ಗಕ್ಕ ಕಂಡಿಕಿ ಸುತ್ತಿದಾಕಿ ನಾನು. ಉರಿಗೆ ಒಡ್ಡಾಕ ಮನಸ್ಸು ಬರವಲ್ದು. ಅದರಾಗ ಏನರ ಮಾಡಾಕ ಬರತೈತೇನ್ರಿ?"

ಬರತೈತಿ ತಾಯಿ, ಧಾರಾಳ ಬರತೈತಿ. ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗ ಬಂದ ಮೇಲೆ ಇಂಥ ಕಟ್ಟಿಗೆ ಹಿತ್ತಲಿಗೆ ಬಿದ್ದ ಮನೆಗಳು ಒಂದೆರಡಲ್ಲ. ನೇಕಾರ ಅಂದರೆ ಮಗ್ಗದ ಕುಣಿಯಲ್ಲಿ ಕೂತವನು ಎಂದೇ ಎಲ್ಲರ ಲೆಕ್ಕ. ನೂಲು ಬಿಡಿಸಿ, ಕಂಡಿಕೆ ಸುತ್ತಿ ಲಾಳಿಗೆ ಒದಗಿಸಿದವಳ ಹೆಸರು ಸೀರೆಯ ಯಾವ ಸೆರಗಿನಲ್ಲೂ ಇರುವುದಿಲ್ಲ. ಆ ಕಟ್ಟಿಗೆಯಲ್ಲಿ ಅವಳ ಪಾಲೂ ಇದೆ. ಒಂದು ತುಂಡು ಕೇಳಿ ಇಟ್ಟುಕೊಂಡರೆ ಯಾರೂ ಇಲ್ಲ ಅನ್ನಲಾರರು. ಅಂದರೂ ಕೇಳಿ ಇಟ್ಟುಕೊಳ್ಳಿ!

ಮಗ್ಗ ಇಲ್ಲದ ಮನೆಯವರೂ ಬೇಸರಪಡಬೇಕಿಲ್ಲ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗಾಗಿ ಊರು ಬಿಟ್ಟವರು ಹಳೆ ಮನೆಯ ತೊಲೆ, ಬಾಗಿಲ ಚೌಕಟ್ಟುಗಳನ್ನು ಬಿಚ್ಚಿಕೊಂಡು ಬಂದಿದ್ದುಂಟು. ಅದರಲ್ಲಿ ಉಳಿದ ತುಂಡಾದೀತು. ಮುಧೋಳ, ಜಮಖಂಡಿಯ ಒಕ್ಕಲುತನದ ಮನೆಗಳಲ್ಲಿ ಮುರಿದ ಚಕ್ಕಡಿಯ ಹಲಗೆ ಸಿಕ್ಕೀತು. ಒಂದೇ ಮಾತು: ಜಾಲಿ ಕಟ್ಟಿಗೆ ಬಲು ಗಟ್ಟಿ, ಮೊದಲ ಸಲಕ್ಕೆ ಕೈ ನೋಯಿಸುತ್ತದೆ. ಬೇವು ಅಥವಾ ಸಾಗವಾನಿ ಇದ್ದರೆ ಅದನ್ನೇ ಆರಿಸಿ. ಹಸಿ ಕಟ್ಟಿಗೆ ಬೇಡವೇ ಬೇಡ, ಒಣಗುವಾಗ ಸೀಳುತ್ತದೆ. ಹಳೆ ಕಟ್ಟಿಗೆಯ ದೊಡ್ಡ ಗುಣವೇ ಅದು ಚೆನ್ನಾಗಿ ಒಣಗಿರುವುದು. ಆದರೆ ಮಗ್ಗದ ಕುಣಿಯ ತೇವಕ್ಕೆ ತಾಗಿದ್ದ ತುದಿಯನ್ನು ದಬ್ಬಣದಿಂದ ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋದರೆ ಗೆದ್ದಲು ತಿಂದಿದೆ ಎಂದು ತಿಳಿದು, ಅಷ್ಟನ್ನು ಕತ್ತರಿಸಿ ಒಲೆಗೇ ಕೊಡಿ. ಮೊಳೆ ಉಳಿದಿದ್ದರೆ ತಪ್ಪದೆ ಕೀಳಬೇಕು.

ಮಾಡುವುದು ಅಳಗುಳಿ ಮಣೆ. ಕರಾವಳಿಯವರು ಇದಕ್ಕೇ ಚೆನ್ನೆಮಣೆ ಅಂತಾರೆ. ಎರಡು ಸಾಲು, ಸಾಲಿಗೆ 7ರಂತೆ 14 ಗುಳಿ. ಆಫ್ರಿಕಾದ ಎಷ್ಟೋ ಊರುಗಳಲ್ಲೂ ಹೀಗೆಯೇ ಗುಳಿಯಿಂದ ಗುಳಿಗೆ ಕಾಳು ಹಂಚುವ ಆಟಗಳಿವೆ. ಮಗ್ಗದ ತೊಲೆ ಅಗಲ ಕಡಿಮೆ ಇರುವುದರಿಂದ ಒಂದೇ ಹಲಗೆಯ ಬದಲು ಎರಡು ತುಂಡು ಮಾಡಿ, ನಡುವೆ ಬಿಜಾಗರಿ ಹಾಕಿ ಮಡಚುವ ಮಣೆ ಮಾಡೋಣ. ಮುಚ್ಚಿದರೆ ಪೆಟ್ಟಿಗೆಯಂತೆ ಗೂಡಿನಲ್ಲಿ ಕೂರುತ್ತದೆ.

ಬಡಿಗೇರರ ಹತ್ತಿರ ಎರಡೇ ಕೆಲಸ ಮಾಡಿಸಿಕೊಳ್ಳಿ. 18 ಇಂಚು ಉದ್ದ, 3 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಎರಡು ತುಂಡು ಕೊಯ್ಸಿ, ಮೈ ನಯ ಮಾಡಿಸಿ. ಗುರುತು ಹಾಕಿಕೊಂಡ ಮೇಲೆ ಪ್ರತಿ ಗುಳಿಯ ನಡುವೆ ಮುಕ್ಕಾಲು ಇಂಚಿಗೆ ಸ್ವಲ್ಪ ಕಡಿಮೆ ಆಳದ ತೂತು ಹಾಕಿಸಿ. ಮುಂದಿನದೆಲ್ಲ ನಿಮ್ಮದು.

ಗುರುತು ಹಾಕುವುದಕ್ಕೆ ಲೆಕ್ಕ-ಪಟ್ಟಿ ಯಾವುದೂ ಬೇಡ. 18 ಇಂಚಿನ ಕಾಗದದ ಪಟ್ಟಿ ಕತ್ತರಿಸಿ ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ, ಮತ್ತೊಮ್ಮೆ ಅರ್ಧಕ್ಕೆ. ಬಿಚ್ಚಿದರೆ 8 ಭಾಗ, ನಡುವೆ 7 ಮಡಿಕೆ. ಆ ಏಳು ಮಡಿಕೆಯೇ ನಿಮ್ಮ ಏಳು ಗುಳಿಯ ನಡುಬಿಂದು! ಹಲಗೆಯ ಉದ್ದಕ್ಕೂ ಮಧ್ಯದಲ್ಲಿ ಗೆರೆ ಎಳೆದು, ಪಟ್ಟಿ ಇಟ್ಟು, ಮಡಿಕೆಗೊಂದು ಚುಕ್ಕೆ ಇಡಿ. ಸಣ್ಣ ಹುಡುಗಿಯ ಬಳೆ, ಹೊರ ಅಳತೆ 2 ಇಂಚು ಇರುವಂಥದ್ದು, ಚುಕ್ಕೆಯ ಸುತ್ತ ಇಟ್ಟು ಪೆನ್ಸಿಲಿನಿಂದ ಸುತ್ತು ಬರೆಯಿರಿ. ಗುಳಿ-ಗುಳಿಯ ನಡುವೆ ಕಾಲು ಇಂಚು ತಾನಾಗಿ ಉಳಿಯುತ್ತದೆ.

ಇನ್ನು ಉಳಿ. ಮೊನೆ ಬಾಗಿದ, ಮುಕ್ಕಾಲು ಇಂಚಿನ ಉಳಿ ಮತ್ತು ಕಟ್ಟಿಗೆಯ ಕೊಡತಿ ಸಾಕು. ಹಲಗೆಯನ್ನು ಗೋಡೆಗೆ ಆನಿಸಿ, ಅಲ್ಲಾಡದಂತೆ ಇಬ್ಬದಿಗೂ ಇಟ್ಟಿಗೆ ಕೊಡಿ. ಎಡಗೈ ಯಾವತ್ತೂ ಉಳಿಯ ಮೊನೆಯ ಮುಂದೆ ಬರಬಾರದು. ಈಳಿಗೆ ಮಣೆಯ ಮುಂದೆ ಕೂತು ಬದನೆಕಾಯಿ ಹೆಚ್ಚುವ ನಿಮಗೆ ಇದನ್ನು ಬಿಡಿಸಿ ಹೇಳಬೇಕೆ! ಸುತ್ತಿನ ಅಂಚಿನಿಂದ ನಡುವಿನ ತೂತಿನ ಕಡೆಗೆ, ಕೆಳಗಿಳಿಯುತ್ತ ಕೆತ್ತಿ. ಒಂದು ಬದಿಯಿಂದ ನಡುವಿನವರೆಗೆ, ಆಮೇಲೆ ಎದುರು ಬದಿಯಿಂದ ನಡುವಿನವರೆಗೆ. ತಳದಿಂದ ಮೇಲಕ್ಕೆ ಉಳಿ ನೂಕಿದರೆ ನಾರು ಕಿತ್ತು ಅಂಚು ಹಾರುತ್ತದೆ. ಒಂದೊಂದು ಸಲಕ್ಕೆ ತೆಳ್ಳಗೆ, ತೆಂಗಿನ ತುರಿಯಷ್ಟೇ ತೆಗೆಯಿರಿ. ತೂತಿನ ತಳ ಮುಟ್ಟಿತೆಂದರೆ ಆಳ ಸರಿಯಾಯಿತು. ದಿನಕ್ಕೊಂದು ಗುಳಿ, ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ ಅರ್ಧ ತಾಸು ಎಂದರೂ ಎರಡು ವಾರದ ಕೆಲಸ.

ಗುಳಿ ನಯ ಮಾಡಲು ಮಕ್ಕಳ ರಬ್ಬರ್ ಚೆಂಡಿಗೆ ಪಾಲಿಶ್ ಕಾಗದ ಸುತ್ತಿ ಉಜ್ಜಿ. ಮೊದಲು 80 ನಂಬರಿನದು, ಆಮೇಲೆ 150, ಕೊನೆಗೆ 220. ಬೆರಳು ಆಡಿಸಿದರೆ ಎಲ್ಲೂ ಚುಚ್ಚಬಾರದು.

ಬಿಜಾಗರಿ ಕೂರಿಸುವಾಗ ಎಚ್ಚರ. 1 ಇಂಚಿನ ಎರಡು ಹಿತ್ತಾಳೆ ಬಿಜಾಗರಿಗಳು ಗುಳಿ ಇರುವ ಮೈಮೇಲೆಯೇ ಬರಬೇಕು. ಕೆಳಗೆ ಹಾಕಿದರೆ ಮಣೆ ತಿರುವುಮುರುವಾಗಿ ಮುಚ್ಚಿ, ಗುಳಿಗಳು ಹೊರಗೇ ಉಳಿಯುತ್ತವೆ. ಎರಡೂ ತುದಿಗೆ ಗುಳಿಯಿಲ್ಲದ ಜಾಗ ಒಂದೂಕಾಲು ಇಂಚು ಇದೆಯಲ್ಲ, ಅಲ್ಲಿ ಬಿಜಾಗರಿಯ ದಪ್ಪದಷ್ಟು ಕೆತ್ತಿ ಕೂರಿಸಿ. ಸ್ಕ್ರೂಗೆ ಒಂದಿಷ್ಟು ಸಾಬೂನು ಸವರಿದರೆ ಸಲೀಸಾಗಿ ಇಳಿಯುತ್ತದೆ.

ಮೇಲೆ ಹೊಳೆಯುವ ವಾರ್ನಿಷ್ ನನಗೆ ಸೇರದು. ಮಗ್ಗದ ಕಟ್ಟಿಗೆಗೆ ಕೈ ತಾಗಿ ತಾಗಿ ಬಂದ ಬಣ್ಣವೇ ಚೆಂದ. ಅಗಸಿ ಎಣ್ಣೆಯನ್ನು ಬಟ್ಟೆಯಿಂದ ತೆಳ್ಳಗೆ ಸವರಿ, ಕಾಲು ತಾಸು ಬಿಟ್ಟು ಒರೆಸಿ, ನೆರಳಲ್ಲಿ ಕೆಲವು ದಿನ ಒಣಗಿಸಿ. ಹೀಗೆ ಮೂರು ಸಲ. ಆದರೆ ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ಕಾವು ಹುಟ್ಟಿ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಬಯಲಲ್ಲಿ ಹರವಿ ಒಣಗಿಸಿ.

ಕಟ್ಟಿಗೆಯ ತೆಳು ಪಟ್ಟಿ ಉಳಿಯಿತೆ? ಇಂಗ್ಲೆಂಡಿನವರು ಕ್ರಿಬೇಜ್ ಎಂಬ ಇಸ್ಪೀಟು ಆಟದ ಲೆಕ್ಕವನ್ನು ಬರೆಯುವುದಿಲ್ಲ. ಹಲಗೆಯಲ್ಲಿ ಐದೈದರ ಗುಂಪಾಗಿ ಸಣ್ಣ ತೂತು ಕೊರೆದು, ಕಡ್ಡಿ ಚುಚ್ಚುತ್ತ ಮುಂದೆ ಹೋಗುತ್ತಾರೆ. ನೀವೂ ಎರಡು ಸಾಲು ತೂತು ಹಾಕಿಸಿ. ಪಂಚಮಿಗೆ ತವರಿಗೆ ಬಂದ ಅಕ್ಕ-ತಂಗಿಯರಲ್ಲಿ ಯಾರು ಎಷ್ಟು ಆಟ ಗೆದ್ದರು ಎಂಬ ಜಗಳ ಉಳಿಯುವುದಿಲ್ಲ.

ಆಟ ಮರೆತವರಿಗೆ ಎರಡು ಮಾತು. ಗುಳಿಗೆ 5ರಂತೆ 70 ಕಾಳು. ನಿಮ್ಮ ಸಾಲಿನ ಒಂದು ಗುಳಿ ಬರಿದು ಮಾಡಿ, ನಿಮ್ಮ ಕಡೆ ಬಲಕ್ಕೆ, ಎದುರು ಸಾಲಿನಲ್ಲಿ ಎಡಕ್ಕೆ ಒಂದೊಂದೇ ಹಾಕುತ್ತ ಹೋಗಿ. ಕೈ ಖಾಲಿಯಾದಾಗ ಮುಂದಿನ ಗುಳಿಯ ಕಾಳೆತ್ತಿ ಮುಂದುವರಿಸಿ. ಮುಂದಿನದು ಬರಿದಿದ್ದರೆ ಅದರಾಚೆಯ ಗುಳಿಯಲ್ಲಿದ್ದುದು ನಿಮ್ಮ ಗೆಲುವು, ಅಲ್ಲಿಗೆ ಎದುರಿನವಳ ಸರದಿ. ಊರೂರಿಗೆ ಕಟ್ಟಳೆ ಬೇರೆ ಇದೆ. ನಿಮ್ಮ ಮನೆಯ ಹಿರಿಯರು ಹೇಳಿದಂತೆಯೇ ಆಡಿ. ಕಣ್ಣು ಮಸುಕಾದ ಅತ್ತೆಯವರೂ ಬೆರಳಲ್ಲಿ ಕಾಳು ಮುಟ್ಟಿ ಎಣಿಸಿ ಆಡಬಹುದಾದ ಆಟವಿದು.

ಕಾಳಿಗೆ ಹುಣಸೆ ಬೀಜವೇ ಸಾಕು. ಗುಲಗಂಜಿ ನೋಡಲು ಚೆಂದ, ಆದರೆ ಅದರಲ್ಲಿ ವಿಷವಿದೆ. ಮಗು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ, ಮನೆಯೊಳಗೆ ತರಲೇಬೇಡಿ. ಯಾವ ಬೀಜವಾದರೂ ಅಂಬೆಗಾಲಿಡುವ ಕೂಸಿನ ಕೈಗೆ ಸಿಗದಂತೆ ಆಟ ಮುಗಿದ ಕೂಡಲೇ ಎಣಿಸಿ ಮುಚ್ಚಿಡಿ. 70ರ ಜೊತೆ ಹತ್ತು ಬೀಜ ಹೆಚ್ಚಿಗೆ ತೊಳೆದು ಒಣಗಿಸಿ ಡಬ್ಬಿಯಲ್ಲಿಡಿ. ಒಂದೆರಡು ಮಂಚದ ಕೆಳಗೆ ಹೋಗಿಯೇ ಹೋಗುತ್ತವೆ.